ಅಜ್ಜಿಯ ಬಳೆ

ಮಗಳ ಮದುವೆ ಗೊತ್ತಾದಾಗ, ಅಜ್ಜಿಯ ಹಳೆಯ ಬಳೆಯನ್ನು ಕರಗಿಸಿ ಅವಳಿಗೊಂದು ಹೊಸದು ಮಾಡಿಸೋಣವೆಂದು ಮಾಂಬಲದ ಆಚಾರಿಯೊಬ್ಬರ ಬಳಿಗೆ ಹೋದೆವು. ಈ ಊರು ಇನ್ನೂ ಮದರಾಸಾಗಿದ್ದಾಗ ಬಂದು ನೆಲೆಸಿದ ನಮಗೆ ಹುಟ್ಟೂರಿನ ಗುರುತಾಗಿ ಉಳಿದಿದ್ದುದು ಆ ಬಳೆಯೊಂದೇ. "ಕೋಲಾರದ ಚಿನ್ನ ಕಣೋ" ಎಂದು ಅಜ್ಜಿ ಹೆಮ್ಮೆಪಡುತ್ತಿದ್ದರು. ಆ ಗಣಿಯೂ 2001ರಲ್ಲಿ ಮುಚ್ಚಿಹೋಯಿತು.

ಎರಡು ದಿನ ಬಿಟ್ಟು ಹೋದರೆ ಆಚಾರಿ ಸಪ್ಪೆ ಮುಖದಿಂದ ಎರಡು ತುಂಡುಗಳನ್ನು ಮುಂದಿಟ್ಟರು. ಕರಗಿಸಿ ಎರಕ ಹೊಯ್ದ ಚಿನ್ನ ಸುತ್ತಿಗೆ ಬಿದ್ದೊಡನೆ ಬಿರಿದಿತ್ತು. ಒಡೆದ ಮೈ ಕಲ್ಲುಸಕ್ಕರೆಯಂತೆ ಹರಳುಹರಳಾಗಿ ಕಾಣುತ್ತಿತ್ತು. "ಸೀಸ ಸೇರಿದೆ, ಸಾರ್" ಎಂದರು. ಸೇರಿಸಿದವರು ಯಾರು? ನಮ್ಮ ಸಂಶಯವೆಲ್ಲ ಅವರ ಮೇಲೆಯೇ. ಬಾಯಿಬಿಟ್ಟು ಆಡಲಿಲ್ಲ, ಆದರೆ ನಮ್ಮ ಮುಖ ನೋಡಿ ಅವರು ತಿಳಿದುಕೊಂಡರು.

ಮನೆಗೆ ಬಂದು, ಲೋಹಶಾಸ್ತ್ರ ಓದುತ್ತಿರುವ ಸೋದರಳಿಯನನ್ನು ಕೇಳಿದೆವು.

"ಮಾವ, ಲೋಹವೆಂಬುದು ಒಂದೇ ಮುದ್ದೆಯಲ್ಲ, ಸಣ್ಣ ಸಣ್ಣ ಹರಳುಗಳನ್ನು ಒತ್ತಾಗಿ ಜೋಡಿಸಿದ ಗೋಡೆಯಿದ್ದಂತೆ. ಕರಗಿದ ಚಿನ್ನ ಆರುವಾಗ ಈ ಹರಳುಗಳು ಬೆಳೆಯುತ್ತವೆ. ಸೀಸಕ್ಕೆ ಅವುಗಳೊಳಗೆ ಜಾಗ ಸಿಕ್ಕುವುದಿಲ್ಲ. ಅದು ಹರಳು ಹರಳಿನ ನಡುವಣ ಸಂದಿಗೆ ಸರಿದು ತೆಳ್ಳನೆಯ ಪೊರೆಯಾಗಿ ನಿಲ್ಲುತ್ತದೆ. ಕಲ್ಲು ಗಟ್ಟಿಯಾಗಿದ್ದರೇನು, ಗಾರೆ ಕೆಟ್ಟರೆ ಗೋಡೆ ನಿಂತೀತೆ?"

ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಸೀಸವೂ ಸಾಕಂತೆ. ಹ್ಯಾಚೆಟ್ ಎಂಬ ಆಂಗ್ಲ ವಿಜ್ಞಾನಿ 1803ರಷ್ಟು ಹಿಂದೆಯೇ ಇಂಥ ಪ್ರಯೋಗಗಳ ವರದಿ ಪ್ರಕಟಿಸಿದ್ದನಂತೆ. ಉಕ್ಕಿನ ಸಂದಿಗಳಿಗೆ ರಂಜಕ ಹೀಗೆಯೇ ಶತ್ರು. 1969ರಲ್ಲಿ ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ ವಿದ್ಯುತ್ ಸ್ಥಾವರದಲ್ಲಿ ಟರ್ಬೈನಿನ ಉಕ್ಕಿನ ಚಕ್ರ ಸಿಡಿದು ಚೂರಾದುದಕ್ಕೆ ಅದೂ ಒಂದು ಕಾರಣವಂತೆ.

"ಬಳೆಗೆ ಯಾವಾಗಲಾದರೂ ಬೆಸುಗೆ ಹಾಕಿಸಿದ್ದಿರಾ?" ಎಂದು ಅವನು ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಿಂದೊಮ್ಮೆ ಬಳೆಯ ಕೀಲು ಕಳಚಿದಾಗ, ಮದುವೆಮನೆಗೆ ಹೊತ್ತಾಯಿತೆಂದು, ರೇಡಿಯೋ ರಿಪೇರಿಯವನಿಂದ ಸೀಸದ ಬೆಸುಗೆ ಹಾಕಿಸಿದ್ದೆವು! ಅಷ್ಟು ದಿನ ಕೀಲಿನ ಹತ್ತಿರವೇ ಇದ್ದ ಸೀಸ ಮೂಸೆಯಲ್ಲಿ ಕರಗಿ ಚಿನ್ನಕ್ಕೆಲ್ಲ ಹರಡಿತ್ತು.

ಮರುದಿನ ಬೆಳಗಾಗುತ್ತಲೇ ಹೋಗಿ ಆಚಾರಿಯವರಿಗೆ ಇದ್ದುದನ್ನು ಇದ್ದಂತೆ ಹೇಳಿ ಕ್ಷಮೆ ಕೇಳಿದೆವು. ಅವರು ನಕ್ಕು, ಬಿಳಿಗಾರ, ಪೆಟ್ಲುಪ್ಪು ಹಾಕಿ ಮತ್ತೆ ಮತ್ತೆ ಕರಗಿಸಿ, ಸೀಸವನ್ನು ಕಿಟ್ಟವಾಗಿಸಿ ತೆಗೆದರು. ಈ ಸಲ ಚಿನ್ನ ಸುತ್ತಿಗೆಗೆ ಮಣಿಯಿತು.

ಬಳೆ ಈಗ ಮಗಳ ಕೈಯಲ್ಲಿದೆ. ವಾಚಕರೇ, ಹಳೆಯ ಒಡವೆ ಕರಗಿಸುವ ಮುನ್ನ ಅದರ ಬೆಸುಗೆಗಳ ಕಥೆಯನ್ನು ಆಚಾರಿಗೆ ಹೇಳಿಬಿಡಿ. ನಾವು ಹೇಳಿದ್ದರೆ ಒಬ್ಬ ಸಜ್ಜನರ ಮನಸ್ಸು ನೋಯುತ್ತಿರಲಿಲ್ಲ.