ಕಡಲಾಚೆಯ ಮಕ್ಕಳು, ಹೊಸ್ತಿಲೊಳಗಿನ ತಾಯಿ

ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟರೆ ಉಡುಪಿ, ಕುಂದಾಪುರ, ಬೈಂದೂರು ದಾಟಿದ ಮೇಲೆ ಭಟ್ಕಳ ಸಿಗುತ್ತದೆ. ಒಂದು ಕಡೆ ಅರಬಿ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಬೆಟ್ಟಗಳು. ಶತಮಾನಗಳ ಹಿಂದೆ ಅರಬ್ ವರ್ತಕರು ಹಡಗಿನಲ್ಲಿ ಬಂದಿಳಿದ ಊರಿದು. ಇಲ್ಲಿನ ನವಾಯತರು ತಮ್ಮನ್ನು ಆ ವರ್ತಕರ ಸಂತತಿಯೆಂದೇ ಹೇಳಿಕೊಳ್ಳುತ್ತಾರೆ. 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಮತ್ತು 1962ರಲ್ಲಿ ಆರಂಭವಾದ ಜಾಮಿಅಃ ಇಸ್ಲಾಮಿಯಾ ಈ ಊರಿನ ಹೆಸರನ್ನು ದೂರದೂರಕ್ಕೆ ಒಯ್ದಿವೆ. ಅಂದು ಕಡಲಾಚೆಯಿಂದ ಇಲ್ಲಿಗೆ ಬಂದರು. ಇಂದು ಇಲ್ಲಿನ ಮಕ್ಕಳು ಸಂಪಾದನೆಗಾಗಿ ಅದೇ ಕಡಲಾಚೆಗೆ ಹೋಗುತ್ತಾರೆ. ದುಬೈ, ಮಸ್ಕತ್, ರಿಯಾದ್ ಎಂಬ ಹೆಸರುಗಳು ಇಲ್ಲಿ ಪಕ್ಕದ ಬೀದಿಯ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರುತ್ತವೆ.

ಹಳೆಯ ಪೇಟೆಯ ಓಣಿಗಳಲ್ಲಿ ನಡೆದು ನೋಡಿ. ಕೆಂಪುಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಎತ್ತರದ ಜಗಲಿ. ಮಳೆನೀರು ಒಳಗೆ ಬಾರದಂತೆ ಎತ್ತರಿಸಿದ ಹೊಸ್ತಿಲು. ಮಹಡಿಗೆ ಏಣಿಯಂತೆ ನೆಟ್ಟಗೆ ಏರುವ ಮರದ ಮೆಟ್ಟಿಲು. ಎಂತಹ ಚೆಲುವಾದ ಮನೆಗಳು! ಆದರೆ ಇವನ್ನು ಎಪ್ಪತ್ತೈದು ವರ್ಷದ ತಾಯಿಯ ಕಣ್ಣಿನಿಂದ ಒಮ್ಮೆ ನೋಡಿದ್ದೀರಾ? ಆಗ ಆ ಹೊಸ್ತಿಲು ಎಡವುವ ಜಾಗವಾಗುತ್ತದೆ, ಹಿಂಬದಿಯ ಬಚ್ಚಲ ಹಾದಿ ಜಾರುವ ಜಾಗವಾಗುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ನಾನು ಇಂತಹ ಒಂದು ಮನೆಗೆ ರೋಗಿ ಸಂದರ್ಶನಕ್ಕೆಂದು ಹೋಗಿದ್ದೆ. ಮನೆಯ ಹಿರಿಯ ತಾಯಿ ತಹಜ್ಜುದ್ ನಮಾಝ್‌ಗೆಂದು ಎದ್ದವರು, ವುಝೂ ಮಾಡಿ ಹಿಂದಿರುಗುವಾಗ ಜಾರಿ ಬಿದ್ದಿದ್ದರು. ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು. ಮೂವರು ಗಂಡುಮಕ್ಕಳು ಮೂರು ದೇಶಗಳಲ್ಲಿ. ಮನೆಯಲ್ಲಿದ್ದವರು ವೃದ್ಧ ತಂದೆ, ಹಿರಿಯ ಸೊಸೆ ಮತ್ತು ಅವರ ಇಬ್ಬರು ಮಕ್ಕಳು. ನೆರೆಯ ಹುಡುಗರು ಓಡಿ ಬಂದು, ಆಂಬುಲೆನ್ಸ್ ತರಿಸಿ, ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಮಣಿಪಾಲಕ್ಕೆ ಕರೆದೊಯ್ದರು.

ಅಲ್ಲಿಂದ ಫೋನುಗಳು ಶುರುವಾದವು. ಒಬ್ಬರು ಶಸ್ತ್ರಚಿಕಿತ್ಸೆ ಆಗಲಿ ಎಂದರು. ಇನ್ನೊಬ್ಬರು ಈ ವಯಸ್ಸಿನಲ್ಲಿ ಬೇಡ, ನಾಟಿ ವೈದ್ಯರ ಪಟ್ಟು ಹಾಕಿಸೋಣ ಎಂದರು. ಮತ್ತೊಬ್ಬರು ನಾನು ಬರುವವರೆಗೆ ಕಾಯಿರಿ ಎಂದರು. ಎಲ್ಲರದ್ದೂ ಪ್ರೀತಿಯೇ. ಆದರೆ ಇಲ್ಲಿ ಕಾಲ ಕಾಯುವುದಿಲ್ಲ. ಸೊಂಟದ ಮೂಳೆ ಮುರಿದಾಗ ದೇಹಸ್ಥಿತಿ ಒಪ್ಪಿದರೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಮರುದಿನದಿಂದಲೇ ರೋಗಿಯನ್ನು ಎಬ್ಬಿಸಿ ಕೂರಿಸಬೇಕು ಎನ್ನುತ್ತಾರೆ ವೈದ್ಯರು. ಮಲಗಿದಲ್ಲೇ ಉಳಿದರೆ ಬೆನ್ನಿನಲ್ಲಿ ಹುಣ್ಣು, ಶ್ವಾಸಕೋಶಕ್ಕೆ ಸೋಂಕು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಕೊನೆಗೆ ಅಪ್ಪ ಫೋನನ್ನು ಕೆಳಗಿಟ್ಟು, "ಇದು ಅವಳ ದೇಹ, ಅವಳನ್ನೇ ಕೇಳೋಣ" ಎಂದರಂತೆ. ತಾಯಿ ಬಿಸ್ಮಿಲ್ಲಾಹ್ ಹೇಳಿ ಒಪ್ಪಿದರು. ಪ್ರಜ್ಞೆಯಲ್ಲಿರುವ ರೋಗಿಯ ಮಾತು ಎಲ್ಲ ಮಕ್ಕಳ ಮಾತಿಗಿಂತ ಮೊದಲು ಎಂಬುದನ್ನು ಆ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದರು.

ಬೀಳುವುದನ್ನು ನಾವು ಸಣ್ಣ ವಿಷಯವೆಂದು ಭಾವಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನರು ಬಿದ್ದು ಸಾಯುತ್ತಾರೆ. ಇವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ನಾನು ಹೋದಾಗ ಶಸ್ತ್ರಚಿಕಿತ್ಸೆಯಾಗಿ ಐದು ವಾರ ಕಳೆದಿತ್ತು. ತಾಯಿ ವಾಕರ್ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಬರುತ್ತಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಆ ಸೊಸೆ. ಮುಖ ಬಾಡಿತ್ತು, ಕಣ್ಣ ಕೆಳಗೆ ಕಪ್ಪು. ಮೊದಲ ವಾರಗಳಲ್ಲಿ ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಅತ್ತೆಯ ಮಗ್ಗುಲು ಬದಲಿಸಿದವರು ಅವರು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ರಿಯಾದ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ಕೆಲಸ ಮುಗಿಸಿ ಮಕ್ಕಳು ಫೋನ್ ಮಾಡುವಾಗ ಇಲ್ಲಿ ಇವರು ಕಣ್ಣು ಮುಚ್ಚುವ ಹೊತ್ತು. "ಮಾತ್ರೆ ಕೊಟ್ಟೆಯಾ, ಗಂಜಿ ಕೊಟ್ಟೆಯಾ ಎಂದು ಎಲ್ಲರೂ ಕೇಳುತ್ತಾರೆ ಟೀಚರ್. ನೀನು ಉಂಡೆಯಾ ಎಂದು ಯಾರೂ ಕೇಳುವುದಿಲ್ಲ" ಎಂದರು ಆಕೆ, ನಗುತ್ತಲೇ. ಆ ನಗು ನನ್ನನ್ನು ಬಹಳ ಚಿಂತೆಗೆ ಹಚ್ಚಿತು.

ಪ್ರಿಯ ಸಹೋದರಿಯರೇ, ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23ನೇ ಸೂಕ್ತ ನಮಗೆಲ್ಲ ಗೊತ್ತು. ವೃದ್ಧರಾದ ಹೆತ್ತವರ ಮುಂದೆ ಬೇಸರದ ಒಂದು ಉದ್ಗಾರವೂ ಸಲ್ಲದೆಂದು ಅಲ್ಲಾಹನು ಅಲ್ಲಿ ಆಜ್ಞಾಪಿಸಿದ್ದಾನೆ. ಹೆತ್ತವರು ನಮ್ಮ ಬಳಿಯಲ್ಲೇ ಮುಪ್ಪನ್ನು ತಲುಪುವ ಮಾತು ಆ ಸೂಕ್ತದಲ್ಲಿದೆ. ಹಾಗಾದರೆ ದೂರವಿರುವ ಮಕ್ಕಳು ಹೊಣೆಯಿಂದ ಪಾರಾದರೇ? ಇಲ್ಲ. ಹೊಣೆ ಅವರದೇ. ಆದರೆ ಅದು ಹತ್ತಿರವಿರುವ ಒಬ್ಬರ ಕೈಯ ಮೂಲಕ ನೆರವೇರುತ್ತದೆ. ಆ ಕೈ ಹೆಚ್ಚಾಗಿ ಸೊಸೆಯದು, ಅಥವಾ ಊರಲ್ಲೇ ಉಳಿದ ಮಗಳದು. ಅತ್ತೆ ಮಾವಂದಿರ ಸೇವೆ ಸೊಸೆಗೆ ಶರೀಅತ್ ಹೊರಿಸಿದ ಕಡ್ಡಾಯವಲ್ಲ, ಅದು ಅವಳ ಇಹ್ಸಾನ್, ಉಪಕಾರ ಎಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಕಡ್ಡಾಯವಿರುವುದು ಮಗನ ಮೇಲೆ, ಮಗಳ ಮೇಲೆ. ಉಪಕಾರ ಮಾಡುವವಳಿಂದ ಲೆಕ್ಕ ಕೇಳುವುದು ಯಾವ ನ್ಯಾಯ? ಅವಳ ಹೊರೆ ಇಳಿಸುವುದೇ ದೂರದ ಮಕ್ಕಳು ಮಾಡಬಲ್ಲ ನಿಜವಾದ ಮಾತೃಸೇವೆ.

ಈ ಮನೆಯ ಮಕ್ಕಳು ಅದನ್ನು ಬೇಗ ಅರ್ಥ ಮಾಡಿಕೊಂಡರು. ಮೂವರೂ ಒಟ್ಟಿಗೆ ಓಡಿ ಬರಲಿಲ್ಲ, ರಜೆಯನ್ನು ಹಂಚಿಕೊಂಡರು. ಹಿರಿಯವರು ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬಂದರು. ಅವರು ಮರಳಿದ ಮೇಲೆ ಎರಡನೆಯವರು ಬಂದು, ಮಹಡಿಯ ಮಂಚವನ್ನು ಕೆಳಗಿನ ಕೋಣೆಗೆ ಇಳಿಸಿದರು, ಬಚ್ಚಲಿನ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದರು, ಕುಳಿತುಕೊಳ್ಳುವ ಕಮೋಡ್ ತರಿಸಿದರು, ಮಂಚದಿಂದ ಬಚ್ಚಲವರೆಗೆ ರಾತ್ರಿ ಉರಿಯುವ ಸಣ್ಣ ದೀಪಗಳನ್ನು ಇರಿಸಿದರು. ರಜೆ ಸಿಗದ ಕಿರಿಯವರು ರಾತ್ರಿ ಜೊತೆಗಿರಲು ಒಬ್ಬ ಹೆಂಗಸನ್ನು ಗೊತ್ತು ಮಾಡಿ ಅವರ ಸಂಬಳ ತಾವೇ ವಹಿಸಿಕೊಂಡರು. ವೈದ್ಯರೊಡನೆ ಮಾತನಾಡುವವರೂ ಅವರೊಬ್ಬರೇ. ಉಳಿದವರಿಗೆ ಅವರೇ ಸುದ್ದಿ ಮುಟ್ಟಿಸುತ್ತಾರೆ. ದಿನಕ್ಕೆ ಹತ್ತು ಫೋನುಗಳ ಬದಲು ಅಸರ್ ನಂತರ ಒಂದು ಫೋನ್. ಅದರಲ್ಲಿ ಮೊದಲ ಮಾತು ಅತ್ತಿಗೆಯ ಕ್ಷೇಮ ಸಮಾಚಾರ. ಅದು ಇಳಿಸಿದ ಭಾರವನ್ನು ಯಾವ ಹಣವೂ ಇಳಿಸಿರಲಿಕ್ಕಿಲ್ಲ.

ತಾಯಿಗೆ ಇದ್ದ ಕೊರಗು ಬೇರೆಯದು: ಸುಜೂದ್ ಮಾಡಲಾಗುತ್ತಿಲ್ಲವಲ್ಲ ಎಂಬುದು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ನಿರ್ವಹಿಸಲು ಪ್ರವಾದಿ(ಸ)ರವರು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಹೇಳಿಕೊಟ್ಟದ್ದು ಬುಖಾರಿಯಲ್ಲಿದೆ ಎಂದು ನೆನಪಿಸಿದೆ. ಕುರ್ಚಿಯಲ್ಲಿ ಕುಳಿತು ತಲೆಬಾಗಿದರೂ ಸುಜೂದ್ ಸಂದಾಯವಾಗುತ್ತದೆ ಎಂದಾಗ ಅವರ ಕಣ್ಣು ತುಂಬಿ ಬಂತು. ಇಂತಹ ಒಂದು ಮಾತನ್ನು ಫೋನಿನಲ್ಲೂ ಹೇಳಬಹುದು. ಮಕ್ಕಳು ಔಷಧವನ್ನಷ್ಟೇ ವಿಚಾರಿಸಿದರೆ ಸಾಲದು.

ನಿಮ್ಮ ಹೆತ್ತವರು ದೂರದ ಊರಲ್ಲಿದ್ದರೆ ಮುಂದಿನ ರಜೆಗೆ ಹೋದಾಗ ಒಂದು ಕೆಲಸ ಮಾಡಿ. ರಾತ್ರಿ ದೀಪ ಆರಿಸಿ, ಅವರ ಮಂಚದಿಂದ ಬಚ್ಚಲವರೆಗೆ ನೀವೇ ನಡೆದು ನೋಡಿ. ಎಲ್ಲಿ ಕೈ ಆಸರೆ ಹುಡುಕುತ್ತದೋ ಅಲ್ಲಿ ಹಿಡಿಕೆ ಬೇಕು. ಮಡಿಸಿಕೊಳ್ಳುವ ಚಾಪೆ, ಸವೆದ ಚಪ್ಪಲಿ ತೆಗೆಸಿ. ಕಣ್ಣಿನ ತಪಾಸಣೆ ಮಾಡಿಸಿ. ನಿದ್ರೆಯ ಮಾತ್ರೆ, ಬಿಪಿ ಮಾತ್ರೆಗಳಿಂದ ಏಳುವಾಗ ತಲೆ ಸುತ್ತುತ್ತದೆಯೇ ಎಂದು ವೈದ್ಯರನ್ನು ಕೇಳಿ. ಔಷಧಗಳ ಪಟ್ಟಿ, ಆಧಾರ್, ಹಳೆಯ ಚೀಟಿಗಳು, 108 ಮತ್ತು ನೆರೆಯವರ ನಂಬರ್ ಒಂದೇ ಚೀಲದಲ್ಲಿರಲಿ. ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಳೆದು ನಿಲ್ಲಿಸಬೇಡಿ, ಎಣ್ಣೆ ತಿಕ್ಕಬೇಡಿ, ಮಲಗಿಸಿಯೇ ಆಸ್ಪತ್ರೆಗೆ ಸಾಗಿಸಿ ಎಂದು ಮನೆಯವರಿಗೆ ತಿಳಿಸಿ. ತುರ್ತು ಬಂದರೆ ತೀರ್ಮಾನ ಯಾರದ್ದು ಎಂಬುದನ್ನು ಹೆತ್ತವರನ್ನು ಕೂರಿಸಿಕೊಂಡು ಈಗಲೇ ಮಾತಾಡಿ.

ಕೊನೆಗೆ, ಅವರ ಬಳಿ ಇರುವವಳಿಗೆ ಒಂದು ವಾರ ತವರಿಗೆ ಹೋಗಿ ಬರಲು ಹೇಳಿ, ಆ ವಾರ ನೀವು ನಿಲ್ಲಿ. ಹೆತ್ತವರ ಸೇವೆಯ ಭಾಗ್ಯವನ್ನೂ, ಆ ಸೇವೆಯಲ್ಲಿ ದಣಿದವರ ಋಣವನ್ನು ಅರಿಯುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.