ಮೊದಲು ಬಂದ ಮೀನು

ಕಡಲಿಗೂ ನಮ್ಮ ಆಲೂರಿಗೂ ಯಾವ ನಂಟೂ ಇಲ್ಲ. ಮಳೆಗಾಲದಲ್ಲಿಯೂ ಮುಗಿಲನ್ನು ನೋಡುತ್ತ ಕೂಡುವ ಎರೆಭೂಮಿಯ ಸೀಮೆ ನಮ್ಮದು. ಹಗರಿಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚಾಗಿ ಕಂಡವರು ನಾವು. ಇಂತಹ ಊರಿನ ಮನೆಯೊಂದರ ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯನ್ನಿರಿಸಿ ಕಡಲಮೀನುಗಳನ್ನು ಸಾಕಿದ್ದೇವೆಂದರೆ ವಾಚಕರು ನಕ್ಕಾರು. ನಮ್ಮ ಓಣಿಯವರೂ ನಕ್ಕರು. ಆದರೆ ಆ ತೊಟ್ಟಿ ನಮಗೆ ಕಲಿಸಿದ ಸಂಗತಿಗಳು ನಗೆಯಲ್ಲಿ ತೇಲಿಹೋಗುವಂತಹವಲ್ಲ. ಆದುದರಿಂದಲೇ ಈ ಬರಹ.

ತೊಟ್ಟಿಯ ಉದ್ದ ನಾಲ್ಕು ಅಡಿ. ಅಗಲ, ಎತ್ತರಗಳು ಒಂದೂವರೆ ಅಡಿ. ಕಲ್ಲುಗಳನ್ನು ಜೋಡಿಸಿದ ಮೇಲೆ ಸುಮಾರು 200 ಲೀಟರು ನೀರು ಹಿಡಿಯುತ್ತದೆ. ಕಡಲಿನ ಒಂದು ಲೀಟರು ನೀರಿನಲ್ಲಿ ಹೆಚ್ಚುಕಡಿಮೆ 35 ಗ್ರಾಂ ಲವಣವಿರುತ್ತದೆ. ಆ ಲೆಕ್ಕದಲ್ಲಿ ನಮ್ಮ ತೊಟ್ಟಿಗೆ ಏಳು ಕಿಲೋ ಲವಣ ಬೇಕಾಯಿತು. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು; ಸುಣ್ಣ, ಮೆಗ್ನೀಸಿಯಂ ಮೊದಲಾದವು ಕಡಲಿನ ಪ್ರಮಾಣದಲ್ಲಿಯೇ ಬೆರೆತ ವಿಶೇಷ ಲವಣವನ್ನು ತರಿಸಬೇಕು. ನಮ್ಮ ಗಡಸು ಬಾವಿನೀರಿನ ಬದಲು ಶುದ್ಧಿಯಂತ್ರದಲ್ಲಿ ಸೋಸಿದ ನೀರನ್ನು ಬಳಸಬೇಕು. ವೈಶಾಖದ ಬಿಸಿಲಿಗೆ ನೀರು ಆವಿಯಾದಾಗ ಲವಣವು ತೊಟ್ಟಿಯಲ್ಲಿಯೇ ಉಳಿಯುವುದರಿಂದ, ಪ್ರತಿದಿನವೂ ಸಿಹಿನೀರನ್ನಷ್ಟೇ ಹಾಕಿ ಮಟ್ಟವನ್ನು ಸರಿದೂಗಿಸಬೇಕು. ಇವೆಲ್ಲ ಶ್ರಮದ ಕೆಲಸಗಳು. ಆದರೆ ಶ್ರಮದಿಂದ ಆಗುವಂತಹವು. ಶ್ರಮಕ್ಕೆ ಬಗ್ಗದೆ ನಿಂತದ್ದು ಒಂದೂವರೆ ಅಂಗುಲದ ಒಂದು ಮೀನು.

ಹೊಸ ತೊಟ್ಟಿಯ ನೀರು ಮೊದಲ ಕೆಲವು ವಾರ ಜೀವಿಗಳಿಗೆ ಹಿತಕರವಾಗಿರುವುದಿಲ್ಲ. ಕೊಳೆತ ಪದಾರ್ಥದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ಅಷ್ಟೇನೂ ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸಬೇಕು. ಈ ಸೂಕ್ಷ್ಮಜೀವಿಗಳ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಆ ಕಷ್ಟಕಾಲವನ್ನು ತಾಳಿಕೊಳ್ಳಬಲ್ಲ ಗಟ್ಟಿಜೀವವೆಂದು, ಮಾರಿದವರು ಮೊದಲು ಕೊಟ್ಟದ್ದು ಡ್ಯಾಮ್ಸೆಲ್ ಜಾತಿಯ ಒಂದು ಮರಿ. ಮೈಯೆಲ್ಲ ಕಾಡಿಗೆಯ ಕಪ್ಪು. ಹಣೆಯ ಮೇಲೊಂದು, ಇಕ್ಕೆಲಗಳಲ್ಲಿ ಒಂದೊಂದು ಬಿಳಿಯ ಬೊಟ್ಟು. ಲಕ್ಷದ್ವೀಪದ ಹವಳದ ಬಂಡೆಗಳಲ್ಲಿಯೂ ಈ ಜಾತಿಯುಂಟು. ಮಕ್ಕಳು ಅದಕ್ಕೆ ಬೊಟ್ಟಪ್ಪ ಎಂದು ಹೆಸರಿಟ್ಟರು. ಆರು ವಾರ ಬೊಟ್ಟಪ್ಪನೊಬ್ಬನೇ ಆ ಚಿಕ್ಕ ಕಡಲಿಗೆ ಒಡೆಯನಾಗಿದ್ದನು.

ಆಮೇಲೆ ಕಿತ್ತಳೆಯ ಮೈಗೆ ಬಿಳಿಯ ಪಟ್ಟಿಗಳುಳ್ಳ ಎರಡು ವಿದೂಷಕ ಮೀನುಗಳು ಬಂದವು; ಇವನ್ನು ಇಂಗ್ಲಿಷಿನಲ್ಲಿ ಕ್ಲೌನ್ ಎನ್ನುತ್ತಾರೆ. ಇವುಗಳನ್ನು ಬಿಟ್ಟ ಗಳಿಗೆಯಿಂದಲೇ ಬೊಟ್ಟಪ್ಪನು ಬಾಣದಂತೆ ಎರಗತೊಡಗಿದನು. ಮರುದಿನ ಹೊಸಬರು ನೀರೆತ್ತುವ ಯಂತ್ರದ ಹಿಂದೆ ಅಡಗಿ ನಿಂತರು, ಆಹಾರಕ್ಕೂ ಹೊರಬರಲಿಲ್ಲ. ಮೂರನೆಯ ದಿನ ಒಂದರ ಬಾಲದ ರೆಕ್ಕೆ ಹರಿದಿತ್ತು. ನಾಲ್ಕನೆಯ ಬೆಳಿಗ್ಗೆ ಅದು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಮನೆಯ ಚಿಕ್ಕ ಹುಡುಗಿ ಅಂದು ಶಾಲೆಗೆ ಹೋಗಲೊಲ್ಲೆನೆಂದಳು.

ಮನೆಯಲ್ಲಿ ವಿಚಾರಣೆಯೇ ನಡೆಯಿತು. ಕೊಲೆಗಡುಕನನ್ನು ಬಾವಿಗೆ ಬಿಟ್ಟುಬಿಡಿರೆಂದು ಹುಡುಗರ ತೀರ್ಪು. ಕಡಲಮೀನನ್ನು ಸಿಹಿನೀರಿಗೆ ಬಿಟ್ಟರೆ ಮೈಯೊಳಗಿನ ಲವಣದ ಸಮತೋಲ ಕೆಟ್ಟು, ನೀರು ಒಳನುಗ್ಗಿ ಅದು ನರಳಿ ಸಾಯುತ್ತದೆ. ಅದು ಬಿಡುಗಡೆಯಲ್ಲ, ಮರಣದಂಡನೆ. ವಾದವೆಲ್ಲವನ್ನೂ ಕೇಳುತ್ತ ಕುಳಿತಿದ್ದ ನಮ್ಮ ಅಜ್ಜಿ ಕಡೆಗೆ ಒಂದೇ ಮಾತನಾಡಿದರು: "ಅದರ ಮನಿಯಾಗ ನೀವ ಇನ್ನೊಬ್ಬರನ್ನ ತಂದು ಬಿಟ್ಟೀರಿ. ಈಗ ಅದನ್ನ ಬೈದರೆ ಏನು ಬಂತು?"

ಶಾಸ್ತ್ರವೂ ಅಜ್ಜಿಯ ಪಕ್ಷದಲ್ಲಿಯೇ ಇದೆಯೆಂದು ಆಮೇಲೆ ತಿಳಿಯಿತು. ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದವರಲ್ಲೊಬ್ಬರಾದ ಕೊನ್ರಾಡ್ ಲೊರೆಂಜ್ ಅವರು, ಪ್ರಾಣಿಗಳ ಕಾದಾಟವನ್ನು ಕುರಿತ ತಮ್ಮ 1963ರ ಗ್ರಂಥದಲ್ಲಿ ಮೊದಲಿಗೇ ಎತ್ತಿಕೊಂಡದ್ದು ಹವಳದ ಬಂಡೆಯ ಮೀನುಗಳನ್ನು. ತೊಟ್ಟಿಯಲ್ಲಿ ಅವು ಅನ್ಯಜಾತಿಗಿಂತ ಸ್ವಜಾತಿಯ ಮೀನನ್ನೇ ಹೆಚ್ಚು ಉಗ್ರವಾಗಿ ಅಟ್ಟುವುದನ್ನು ಅವರು ಕಂಡರು. ಒಂದೇ ಬಗೆಯ ಆಹಾರ, ಒಂದೇ ಬಗೆಯ ಬಿಲ ಬೇಕಾದವನೇ ನಿಜವಾದ ಸ್ಪರ್ಧಿ. ಡ್ಯಾಮ್ಸೆಲ್‌ಗಳಲ್ಲಿ ಕೆಲವು ಬಂಡೆಯ ಮೇಲೆ ಪಾಚಿಯನ್ನು ಬೆಳೆಸಿ, ಒಕ್ಕಲಿಗನು ಹೊಲ ಕಾಯುವಂತೆ ಕಾಯುತ್ತವೆ. ಪಾಚಿ ಮೇಯಲು ಬಂದವರು ಯಾವ ಜಾತಿಯವರಾದರೂ ಬಿಡುವುದಿಲ್ಲ. ಇನ್ನು ಬೊಟ್ಟಪ್ಪನ ಜಾತಿಯ ಮರಿಗಳು ಕಡಲಹೂವಿನ ಆಶ್ರಯದಲ್ಲಿ ಬೆಳೆಯುವಂತಹವು. ವಿದೂಷಕ ಮೀನಿನ ಮನೆಯೂ ಅದೇ. ಹೀಗಾಗಿ ಇಬ್ಬರ ನಡುವಿನ ಮನಸ್ತಾಪ ನಮ್ಮ ನಡುಮನೆಯಲ್ಲಿ ಹುಟ್ಟಿದ್ದಲ್ಲ. ಕಡಲಿನಲ್ಲಿ ಸೋತವನಿಗೆ ಓಡಿಹೋಗಲು ಸ್ಥಳವಿರುತ್ತದೆ. ತೊಟ್ಟಿಯಲ್ಲಿ ಅದಿಲ್ಲ, ಅಷ್ಟೇ ವ್ಯತ್ಯಾಸ. ಸಾವಿಗೆ ಕಾರಣ ಮೀನಿನ ಹಲ್ಲಿಗಿಂತ ಗಾಜಿನ ಗೋಡೆಯೇ.

ಕಾರಣ ತಿಳಿದ ಮೇಲೆ ಉಪಾಯ ತೋರಿತು. ಉಳಿದೊಂದು ವಿದೂಷಕ ಮೀನನ್ನು ಮೊದಲು ಕಾಪಾಡಬೇಕಾಗಿತ್ತು. ತೂತುಗಳುಳ್ಳ ಪಾರದರ್ಶಕ ಹಾಳೆಯನ್ನು ನಡುವೆ ಇಳಿಸಿ ತೊಟ್ಟಿಯನ್ನು ಎರಡು ಪಾಲು ಮಾಡಿದೆವು. ನೀರು ಹರಿಯುತ್ತದೆ, ಒಬ್ಬರನ್ನೊಬ್ಬರು ನೋಡುತ್ತಾರೆ, ಕಚ್ಚಲಾರರು. ಹೊರಗಿನಿಂದ ಕನ್ನಡಿ ಹಿಡಿದರೆ ಬೊಟ್ಟಪ್ಪನು ತನ್ನ ಬಿಂಬದೊಡನೆ ಕಾದಾಡಿ ಸಿಟ್ಟನ್ನು ಅಲ್ಲಿ ಕಳೆಯುತ್ತಿದ್ದನು. ಆದರೆ ಇದು ಹೊತ್ತು ಕಳೆಯುವ ಉಪಾಯ, ಬಗೆಹರಿಸುವ ಉಪಾಯವಲ್ಲ.

ಬಗೆಹರಿಸಲು ಒಡೆತನವನ್ನೇ ಅಳಿಸಬೇಕು. ಅದಕ್ಕಾಗಿ ಬೊಟ್ಟಪ್ಪನನ್ನು ಹಿಡಿಯಬೇಕಾಯಿತು. ಬಲೆಗೆ ಅವನು ಸಿಕ್ಕಲಿಲ್ಲ. ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕೊಯ್ದು, ತಿರುಗುಮುರುಗಾಗಿ ಒಳಗೆ ಸೇರಿಸಿ, ಆಹಾರವಿಟ್ಟು ಇಳಿಸಿದೆವು. ಒಳಹೋಗುವ ದಾರಿ ಸುಲಭ, ಹೊರಬರುವ ದಾರಿ ಕಾಣದು. ಮೂರನೆಯ ದಿನ ಸಿಕ್ಕಿದನು. ಅದೇ ನೀರನ್ನು ತುಂಬಿದ ಬೇರೊಂದು ತೊಟ್ಟಿಯಲ್ಲಿ ಅವನನ್ನು ಎರಡು ವಾರ ಇರಿಸಿದೆವು. ಇತ್ತ ದೊಡ್ಡ ತೊಟ್ಟಿಯ ಕಲ್ಲುಗಳನ್ನೆಲ್ಲ ತೆಗೆದು, ಗುರುತು ಸಿಗದಂತೆ ಬೇರೆ ರೀತಿಯಲ್ಲಿ ಜೋಡಿಸಿ, ಒಂದು ರಾಶಿಯಿದ್ದಲ್ಲಿ ಎರಡು ರಾಶಿ ಮಾಡಿ, ಅಡಗುತಾಣಗಳನ್ನು ಹೆಚ್ಚಿಸಿದೆವು. ವಿದೂಷಕನಿಗೆ ಹೊಸದೊಂದು ಚಿಕ್ಕ ಜೊತೆಗಾರನೂ ಬಂದನು.

ಹದಿನೈದನೆಯ ದಿನ ದೀಪ ಆರಿಸಿದ ಮೇಲೆ ಬೊಟ್ಟಪ್ಪನನ್ನು ಮರಳಿ ಬಿಟ್ಟೆವು. ಬೆಳಗಾದಾಗ ಕಂಡ ದೃಶ್ಯವೇ ಬೇರೆ. ಹಿಂದಿನ ಒಡೆಯನು ಈಗ ಹೊಸಬನು. ಗೋಡೆಗುಂಟ ಅಳುಕುತ್ತ ಸುತ್ತುತ್ತಿದ್ದನು. ಆ ಹಿಂದೆ ಯಂತ್ರದ ಮರೆಯಲ್ಲಿ ನಡುಗುತ್ತಿದ್ದ ವಿದೂಷಕನೇ ಅವನನ್ನು ಎಡಗಡೆಯ ರಾಶಿಯಿಂದ ಅಟ್ಟಿ ಕಳುಹಿದನು. ವಾರವೊಂದು ಸಣ್ಣಪುಟ್ಟ ಕಾದಾಟ ನಡೆದು, ತೊಟ್ಟಿಯ ನಟ್ಟನಡುವೆ ಕಣ್ಣಿಗೆ ಕಾಣದ ಗಡಿಯೊಂದು ಬಿದ್ದಿತು. ಎರಡು ತುದಿಗೂ ಬೇರೆಬೇರೆಯಾಗಿ ಆಹಾರ ಹಾಕುತ್ತೇವೆ. ಸ್ನೇಹವೇನೂ ಬೆಳೆದಿಲ್ಲ, ಆದರೆ ಯಾರ ರೆಕ್ಕೆಯೂ ಹರಿದಿಲ್ಲ.

ಸೌಮ್ಯವೆಂದು ನಾವು ನಂಬಿದ್ದ ವಿದೂಷಕ ಮೀನಿನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಈ ಜಾತಿಯಲ್ಲಿ ಎಲ್ಲವೂ ಗಂಡಾಗಿಯೇ ಬೆಳೆಯುತ್ತವೆ; ಗುಂಪಿನಲ್ಲಿ ಹಿರಿಯದಾದದ್ದು ಹೆಣ್ಣಾಗುತ್ತದೆ. ನಮ್ಮ ಹಿರಿಯ ಮೀನು ಈಗ ಗೃಹಿಣಿ. ಗಾಜನ್ನು ಒರೆಸಲು ಕೈ ಇಳಿಸಿದರೆ ಬೊಟ್ಟಪ್ಪನು ಸರಿದು ನಿಲ್ಲುತ್ತಾನೆ. ಕೈಯನ್ನು ಕಚ್ಚುವುದು ಈಕೆ! ಒಬ್ಬನನ್ನು ಕೊಲೆಗಡುಕನೆಂದೂ ಇನ್ನೊಬ್ಬಳನ್ನು ಸಾಧುವೆಂದೂ ಹೆಸರಿಸಿದ್ದ ಹುಡುಗರು ಈಗ ಆ ಮಾತನ್ನಾಡುವುದಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಯಾರು ಮೊದಲಿಗರು, ಯಾರು ಹೊಸಬರು ಎಂಬ ಮಾತು ನಮ್ಮ ಹಿರಿಯರ ಕಿವಿಗೆ ಬೀಳದೆ ಇರಲಿಲ್ಲ. ಆದರೂ ನಮ್ಮ ಸಂತೆಯಲ್ಲಿ ಕನ್ನಡದಲ್ಲಿ ಕೇಳಿದ ಬೆಲೆಗೆ ತೆಲುಗಿನಲ್ಲಿ ಉತ್ತರ ಬರುತ್ತದೆ, ವ್ಯಾಪಾರ ಕುದುರುತ್ತದೆ. ಮೀನಿಗೆ ನಾವು ಕಲ್ಲು ಜೋಡಿಸಿ ಕೊಡಬೇಕು. ಮನುಷ್ಯನು ತನ್ನ ಕಲ್ಲನ್ನು ತಾನೇ ಸರಿಸಿಕೊಳ್ಳಬಲ್ಲನು.

ಇಂತಹ ತೊಟ್ಟಿಯನ್ನಿಡಬಯಸುವವರಿಗೆ ಕೆಲವು ಮಾತು. ಸೌಮ್ಯವಾದುದನ್ನು ಮೊದಲು, ಉಗ್ರವಾದುದನ್ನು ಕಡೆಗೆ ಬಿಡಿರಿ. ನೀರನ್ನು ಹದಗೊಳಿಸಲು ಜೀವಂತ ಮೀನೇ ಬೇಕಿಲ್ಲ. ಸಿಗಡಿಯ ಒಂದು ತುಂಡು ಸಾಕು. ಸಾಧ್ಯವಾದಷ್ಟೂ ತೊಟ್ಟಿಯಲ್ಲಿಯೇ ಹುಟ್ಟಿ ಬೆಳೆದ ಮರಿಗಳನ್ನೇ ಕೊಳ್ಳಿರಿ. ವಿದೂಷಕ ಮೀನುಗಳನ್ನು ಹೀಗೆ ಮರಿಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಬೊಟ್ಟಪ್ಪನ ಜಾತಿ ಐದು ಅಂಗುಲದವರೆಗೆ ಬೆಳೆಯುತ್ತದೆ. ಬೆಳೆದಂತೆ ಉಗ್ರತೆಯೂ ಹೆಚ್ಚುತ್ತದೆ. ನಾವು ಮಾಡಿದ ಉಪಾಯ ಎಲ್ಲೆಡೆಯೂ ಫಲಿಸುವುದಿಲ್ಲ; ನಮ್ಮಲ್ಲಿಯೂ ಎಂದೆಂದಿಗೂ ನಿಲ್ಲುವ ಭರವಸೆಯಿಲ್ಲ. ಅದಕ್ಕೆಂದೇ ಅವನ ಎರಡನೆಯ ತೊಟ್ಟಿಯನ್ನು ಬರಿದು ಮಾಡದೆ, ನೀರು ತುಂಬಿ ಸಿದ್ಧವಾಗಿ ಇಟ್ಟಿದ್ದೇವೆ.