ಸಮಬಲದ ಸಮಸ್ಯೆ

ಎರಡು ಪಕ್ಷಗಳ ಆಟದಲ್ಲಿ ನ್ಯಾಯವೆಂದರೇನೆಂಬುದು ಸುಲಭವಾಗಿ ತಿಳಿಯುತ್ತದೆ. ಚದುರಂಗದಲ್ಲಿ ಇಬ್ಬರಿಗೂ ಹದಿನಾರು ಕಾಯಿಗಳು. ಪಗಡೆಯಲ್ಲಿ ಇಬ್ಬರಿಗೂ ಅದೇ ದಾಳ. ಆದರೆ ಒಂದು ಪಕ್ಷದ ಬಲಕ್ಕೆ ಮಿತಿಯೇ ಇಲ್ಲದಿರುವ ಆಟದಲ್ಲಿ ನ್ಯಾಯವು ಎಲ್ಲಿ ನಿಲ್ಲಬೇಕು? ಕೆಲವು ವರ್ಷಗಳಿಂದ ಭಾನುವಾರದ ಸಂಜೆಗಳಲ್ಲಿ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಇದನ್ನು ರಚಿಸಿ ೧೯೭೪ರಲ್ಲಿ ಪ್ರಕಟಿಸಿದರು. ಯುದ್ಧದ ಆಟಗಳೇ ಇದರ ಮೂಲ. ೧೮೨೪ರಲ್ಲಿ ಪ್ರಷ್ಯದ ಸೈನ್ಯವು ತನ್ನ ಅಧಿಕಾರಿಗಳ ಶಿಕ್ಷಣಕ್ಕಾಗಿ ಅಂಗೀಕರಿಸಿದ ನಕಾಶೆಯ ಯುದ್ಧದಲ್ಲಿ ತೀರ್ಪು ಹೇಳುವ ಮಧ್ಯಸ್ಥನೊಬ್ಬನಿದ್ದನು. ಹೊಸ ಆಟದಲ್ಲಿ ಆ ಮಧ್ಯಸ್ಥನು ಸೂತ್ರಧಾರನಾದನು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರವನ್ನು ವಹಿಸಿ, ತಾಳಮದ್ದಳೆಯ ಅರ್ಥಧಾರಿಗಳಂತೆ ವೇಷವಿಲ್ಲದೆಯೇ ಆ ಪಾತ್ರವಾಗಿ ಮಾತನಾಡುತ್ತಾರೆ. ಎತ್ತಿದ ಕತ್ತಿ ತಗುಲಿತೆ ಇಲ್ಲವೆ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಣಯಿಸುತ್ತದೆ. ಶತ್ರುಗಳೆಲ್ಲರೂ ಸೂತ್ರಧಾರನ ವಶ. ಅವನು ಮನಸ್ಸು ಮಾಡಿದರೆ ಹೆಬ್ಬಾಗಿಲಿನಲ್ಲಿಯೇ ಹತ್ತು ಘಟಸರ್ಪಗಳನ್ನು ನಿಲ್ಲಿಸಬಲ್ಲನು. ಆದುದರಿಂದ ಗೆಲ್ಲುವುದು ಅವನ ಗುರಿಯಾಗಲಾರದು. ತೂಗುವುದೇ ಅವನ ಧರ್ಮ.

ಈ ತೂಕಕ್ಕೆ ಗ್ರಂಥಕರ್ತರು ಗಣಿತವನ್ನು ಒದಗಿಸಿದ್ದಾರೆ. ೨೦೧೪ರ ಆವೃತ್ತಿಯ ಪ್ರಕಾರ, ಮೊದಲ ಹಂತದ ನಾಲ್ವರು ವೀರರಿಗೆ ೨೦೦ ಅಂಕದ ಕಾಳಗ ಮಧ್ಯಮ, ೪೦೦ ಅಂಕದ್ದು ಪ್ರಾಣಾಂತಿಕ. ಗಾಬ್ಲಿನ್ ಎಂಬ ಕುಳ್ಳ ದೈತ್ಯನಿಗೆ ೫೦ ಅಂಕ. ನಾಲ್ಕು ಗಾಬ್ಲಿನ್‌ಗಳೆಂದರೆ ೨೦೦, ಮಧ್ಯಮ ಕಾಳಗವೆಂದು ತೋರಬಹುದು. ಹಾಗಲ್ಲ, ಶತ್ರುಗಳು ಮೂವರಿಂದ ಆರು ಮಂದಿಯವರೆಗೆ ಇದ್ದರೆ ಮೊತ್ತವನ್ನು ಇಮ್ಮಡಿಸಿ ಎಣಿಸಬೇಕೆಂದು ಅಲ್ಲಿನ ನಿಯಮ. ಇಮ್ಮಡಿಸಲಾಗಿ ಕುಳ್ಳರ ಕಾಳಗ ಪ್ರಾಣಾಂತಿಕವಾಯಿತು! ಒಬ್ಬನು ಒಮ್ಮೆ ಹೊಡೆಯುವಷ್ಟರಲ್ಲಿ ನಾಲ್ವರು ನಾಲ್ಕು ಸಲ ಹೊಡೆಯುತ್ತಾರೆ. ಒಬ್ಬನನ್ನು ಕೆಡಹಿದರೂ ಉಳಿದ ಮೂವರ ಪೆಟ್ಟು ನಿಲ್ಲುವುದಿಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬ ಯಂತ್ರಶಿಲ್ಪಿಯು ೧೯೧೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೂರದಿಂದ ಗುಂಡು ಹಾರಿಸುವ ಸೈನ್ಯದ ಬಲವು ಅದರ ಸಂಖ್ಯೆಯ ವರ್ಗವನ್ನು ಅನುಸರಿಸುತ್ತದೆಂದು ವಾದಿಸಿದನು. ತತ್ತ್ವ ಒಂದೇ. ೨೦೨೪ರ ಪರಿಷ್ಕರಣದಲ್ಲಿ ಇಮ್ಮಡಿಸುವ ನಿಯಮವನ್ನು ಬಿಟ್ಟಿದ್ದಾರೆ. ಆದರೆ ಗುಂಪಿನ ಬಲವನ್ನು ಮರೆತ ಸೂತ್ರಧಾರನಿಗೆ ಕ್ಷೇಮವಿಲ್ಲ.

ಶತ್ರುಗಳ ತೂಕಕ್ಕಿಂತ ಕಷ್ಟವಾದದ್ದು ಸಂಗಡಿಗರ ತೂಕ. ಐದನೆಯ ಹಂತದ ಮಾಂತ್ರಿಕನು ಒಂದು ಅಗ್ನಿಗೋಲವನ್ನು ಎಸೆದರೆ ಎಂಟು ದಾಳಗಳ ಪೆಟ್ಟು, ಸರಾಸರಿ ೨೮, ಸುತ್ತಲಿದ್ದವರಿಗೆಲ್ಲ ತಗುಲುತ್ತದೆ. ಅದೇ ಹಂತದ ಖಡ್ಗಧಾರಿ ತನ್ನ ಸರದಿಯಲ್ಲಿ ಎರಡು ಸಲ ಕತ್ತಿ ಬೀಸುತ್ತಾನೆ, ಅಷ್ಟೆ. ಆದರೆ ಮಾಂತ್ರಿಕನ ಗೋಲ ದಿನಕ್ಕೆ ಎರಡು ಮೂರು ಸಲ ಮಾತ್ರ. ಕತ್ತಿಗೆ ಅಂಥ ಲೆಕ್ಕವಿಲ್ಲ. ಕಥೆಯ ಒಂದು ದಿನದಲ್ಲಿ ಆರರಿಂದ ಎಂಟು ಕಾಳಗಗಳು ನಡೆದಾವೆಂದು ೨೦೧೪ರ ಗ್ರಂಥ ಭಾವಿಸಿತ್ತು. ಗೃಹಸ್ಥರ ಸಂಜೆಯಲ್ಲಿ ಒಂದು ಕಾಳಗ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಆಗ ಮಾಂತ್ರಿಕನು ತನ್ನ ಸರ್ವಸ್ವವನ್ನೂ ಒಂದೇ ಕಡೆ ಸುರಿಯುತ್ತಾನೆ. ಹೀಗೆ ಕೆಲವು ಅಸಮತೆಗಳು ಹುಟ್ಟುವುದು ನಿಯಮದಿಂದಲ್ಲ, ಗಡಿಯಾರದಿಂದ.

ನಮ್ಮ ಮನೆಯಲ್ಲಿ ತೊಡಕು ಬೇರೆಯದು. ತಂಗಿಯ ಮಗನು ನಿಯಮಗ್ರಂಥವನ್ನು ಜಾಲಾಡಿ ಅಜೇಯನಾದ ಖಡ್ಗಧಾರಿಯನ್ನು ಕಟ್ಟಿದನು. ಅಣ್ಣನ ಮಗಳು ಕಥೆಯ ಸೊಗಸಿಗಾಗಿ ಕುಂಟು ಗಾಯಕನೊಬ್ಬನನ್ನು ಆರಿಸಿಕೊಂಡಳು. ಬಲಿಷ್ಠನಿಗೆ ಸರಿದೂಗುವ ಶತ್ರುವನ್ನು ತಂದರೆ ಗಾಯಕನು ಮೊದಲ ಪೆಟ್ಟಿಗೇ ಬೀಳುತ್ತಾನೆ. ಗಾಯಕನಿಗೆ ಸರಿದೂಗುವವನನ್ನು ತಂದರೆ ಖಡ್ಗಧಾರಿ ಆಕಳಿಸುತ್ತಾನೆ. ಒಂದು ಸಂಜೆ ಅವಳು, “ಚಿಕ್ಕಪ್ಪ, ನಾನು ಸುಮ್ಮನೆ ಕೇಳುತ್ತ ಕೂತಿರುತ್ತೇನೆ. ಅವನೊಬ್ಬನಿದ್ದರೆ ಸಾಕಲ್ಲ” ಎಂದಳು. ಮಾತಿನಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಸಂಗಡಿಗರ ನಡುವೆ ತಾನು ಬೇಡವಾದವಳೆಂದು ಒಬ್ಬಳು ಶಾಂತಳಾಗಿ ಒಪ್ಪಿಕೊಳ್ಳುವಂಥ ಆಟವು ಆಟವೇ ಅಲ್ಲ.

ಮುಂದಿನ ವಾರ ಶತ್ರುವಿನ ಬಲವನ್ನು ಬದಲಿಸದೆ ಕಾಳಗದ ಗುರಿಯನ್ನು ಬದಲಿಸಿದೆನು. ಶತ್ರುಗಳು ಕೆರೆಯ ಏರಿಯನ್ನು ಒಡೆಯುತ್ತಿದ್ದಾರೆ; ಕೆಳಗಿನ ಊರು ದಿಬ್ಬವನ್ನು ಸೇರಬೇಕು; ಬೆದರಿದ ಜನ ಮನೆ ಬಿಟ್ಟು ಹೊರಡರು. ಏರಿಯ ಮೇಲೆ ಬೇಕಾದದ್ದು ಕತ್ತಿ. ಊರಿನಲ್ಲಿ ಬೇಕಾದದ್ದು ಕಂಠ. ಗಾಯಕನು ಮನೆಮನೆಯ ಮುಂದೆ ಹಾಡುತ್ತ ಜನರನ್ನು ಹೊರಡಿಸಿದನು. ಖಡ್ಗಧಾರಿ ಏರಿಯಲ್ಲಿ ಒಬ್ಬನೇ ನಿಂತನು. ಹಿಂದೆ ಸರಿಯಲು ದಾರಿಯಿದೆಯೆಂದು ನಾನು ಎರಡು ಸಲ ಹೇಳಿದೆನು. ಅವನು ಸರಿಯಲಿಲ್ಲ.

ಅವನು ಬಿದ್ದನು. ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ದಾಳವೆಸೆಯಬೇಕು. ಹತ್ತಕ್ಕಿಂತ ಕಡಮೆ ಮೂರು ಸಲ ಬಿದ್ದರೆ ಮರಣ. ಮೂರು ಸಲವೂ ಕಡಮೆಯೇ ಬಿದ್ದಿತು. ಕೆಲವರು ಸೂತ್ರಧಾರರು ದಾಳವನ್ನು ತೆರೆಯ ಹಿಂದೆ ಎಸೆದು, ಕರುಣೆ ಬಂದಾಗ ಬೇರೊಂದು ಸಂಖ್ಯೆಯನ್ನು ಹೇಳುವುದುಂಟು. ನಮ್ಮಲ್ಲಿ ಎಲ್ಲ ದಾಳಗಳೂ ಎಲ್ಲರೆದುರಿಗೆ ಬೀಳುತ್ತವೆ. ಎಸೆಯುವುದಕ್ಕೆ ಮೊದಲು ಶತ್ರುಗಳನ್ನು ಕಡಮೆ ಮಾಡಬಹುದು, ದಾರಿಯನ್ನು ತೆರೆದಿಡಬಹುದು. ಬಿದ್ದ ಮೇಲೆ ಮುಟ್ಟಬಾರದೆಂಬುದು ನನ್ನ ನಿಯಮ.

ಹುಡುಗನ ಕಣ್ಣು ತುಂಬಿತ್ತು. “ಮಾವ, ನೀವು ಮನಸ್ಸು ಮಾಡಿದ್ದರೆ ಉಳಿಸಬಹುದಿತ್ತಲ್ಲವೆ?” ಎಂದು ಕೇಳಿದನು.

“ಉಳಿಸಬಹುದಿತ್ತಪ್ಪ. ಆದರೆ ಆಗ ನೀನು ಹಿಂದೆ ಗೆದ್ದದ್ದೆಲ್ಲವೂ ನಾನು ಕೊಟ್ಟದ್ದಾಗಿಬಿಡುತ್ತಿತ್ತು” ಎಂದೆನು.

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅಣ್ಣನ ಮಗಳು ತನ್ನ ಕಾಗದವನ್ನು ಎಳೆದುಕೊಂಡು, “ಊರಿನವರು ಅವನಿಗೊಂದು ವೀರಗಲ್ಲನ್ನು ನಿಲ್ಲಿಸುತ್ತಾರೆ. ಅದರ ಮೇಲಿನ ಪದ್ಯವನ್ನು ನನ್ನ ಗಾಯಕ ಬರೆಯುತ್ತಾನೆ” ಎಂದಳು. ಹುಡುಗನು ಕಣ್ಣೊರೆಸಿಕೊಂಡು, ತನ್ನ ವೀರನ ಹೆಸರಿನ ಕಾಗುಣಿತವನ್ನು ಅವಳಿಗೆ ಹೇಳತೊಡಗಿದನು.